ಕಂದು ಹಲ್ಲಿನ ತಿರುಳಲ್ಲಿ ಏನಿದೆ?

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಈ ಸೀಮೆಯ, ಅದರಲ್ಲೂ ಪಾವಗಡದ ಕಡೆಯ ಎಷ್ಟೋ ಮಕ್ಕಳ ಹಲ್ಲಿನ ಮೇಲೆ ನೆಲದಡಿಯ ನೀರಿನ ಗುರುತು ಇದೆ. ಗಟ್ಟಿ ಬಂಡೆಯ ನೆಲ, ಕಡಿಮೆ ಮಳೆ, ವರ್ಷ ವರ್ಷಕ್ಕೂ ಆಳಕ್ಕಿಳಿಯುವ ಕೊಳವೆಬಾವಿ. ಬಂಡೆಯ ಖನಿಜಗಳಿಂದ ಕರಗಿದ ಫ್ಲೋರೈಡು ಕುಡಿಯುವ ನೀರಿಗೆ ಸೇರುತ್ತದೆ. ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ. ಹಲ್ಲು ವಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಇದಕ್ಕಿಂತ ಹೆಚ್ಚು ಒಳಸೇರಿದರೆ ಎನಾಮಲ್ ಸರಿಯಾಗಿ ಬಲಿಯುವುದಿಲ್ಲ. ಮೊದಲು ಸುಣ್ಣದಂಥ ಬಿಳಿ ಗೆರೆ, ಹೆಚ್ಚಾದರೆ ಕಂದು ಕಲೆ, ಕುಳಿ. ಹಲ್ಲಿನ ಆಕರಕೋಶಗಳಿಂದ, ಅಂದರೆ ಸ್ಟೆಮ್ ಸೆಲ್‌ಗಳಿಂದ, ಮೂಳೆ ಬೆಳೆಸುವ ಸಂಶೋಧನೆಯನ್ನು ನಾನು ಈ ಹಲ್ಲುಗಳನ್ನು ಎದುರಿಗಿಟ್ಟುಕೊಂಡೇ ನೋಡಬಯಸುತ್ತೇನೆ. ಕಿತ್ತೆಸೆಯುವ ಹಲ್ಲನ್ನೇ ಬಂಡವಾಳ ಮಾಡಿಕೊಂಡು ಬೆಳೆದ ವಿಜ್ಞಾನವಿದು. ಆದರೆ ಅದು ಲೆಕ್ಕಕ್ಕೆ ಹಿಡಿದದ್ದು ಹೆಚ್ಚಾಗಿ ಕಲೆಯಿಲ್ಲದ ಹಲ್ಲನ್ನು. ಕರ್ನಾಟಕದಲ್ಲಿ ಈ ವಿದ್ಯೆ ಬೇರೂರಬೇಕಾದರೆ ಕಂದು ಹಲ್ಲಿನಿಂದಲೇ ಶುರುವಾಗಬೇಕು ಎಂಬುದು ನನ್ನ ವಾದ.

ಚರಿತ್ರೆ ಚಿಕ್ಕದು. 2000ದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸ್ಟಾನ್ ಗ್ರಾಂಥೋಸ್, ಸಾಂಗ್‌ಟಾವ್ ಶೀ ಮತ್ತು ಸಂಗಡಿಗರು ಬುದ್ಧಿಹಲ್ಲಿನ ತಿರುಳಿನಿಂದ ಆಕರಕೋಶಗಳನ್ನು ಬೇರ್ಪಡಿಸಿ ಇಲಿಗಳಲ್ಲಿ ನೆಟ್ಟರು. ಅಲ್ಲಿ ದಂತದ್ರವ್ಯವೂ ಅದನ್ನು ಹೊಂದಿಕೊಂಡ ತಿರುಳಿನಂಥ ಅಂಗಾಂಶವೂ ಮೂಡಿದವು. 2003ರಲ್ಲಿ ಅದೇ ಬಳಗ ಉದುರಿದ ಹಾಲುಹಲ್ಲಿನಲ್ಲೂ ಇಂಥ ಕೋಶಗಳನ್ನು ಕಂಡಿತು. ನಮ್ಮಲ್ಲಿ ಸಗಣಿ ಉಂಡೆಯೊಳಗಿಟ್ಟು ಮಾಳಿಗೆ ಮೇಲೆ ಎಸೆಯುತ್ತಿದ್ದ ಹಲ್ಲು ಹೀಗೆ ಪ್ರಯೋಗಾಲಯ ಸೇರಿತು. 2004ರಲ್ಲಿ ಹಲ್ಲನ್ನು ಮೂಳೆಗೆ ಬಿಗಿದಿಡುವ ನಾರಿನಿಂದಲೂ, 2006ರಲ್ಲಿ ಬೆಳೆಯುತ್ತಿರುವ ಬೇರಿನ ತುದಿಯಿಂದಲೂ ಕೋಶಗಳು ಸಿಕ್ಕವು. ಇದರಲ್ಲಿ 2003ರ ಪ್ರಬಂಧದ ಒಂದು ಮಾತನ್ನು ಉತ್ಸಾಹದಲ್ಲಿ ಹಲವರು ದಾಟಿಹೋದರು. ಹಾಲುಹಲ್ಲಿನ ಕೋಶಗಳು ತಾವೇ ಮೂಳೆಕೋಶಗಳಾಗಲಿಲ್ಲ, ಇಲಿಯ ಸ್ವಂತ ಕೋಶಗಳನ್ನು ಕರೆತಂದು ಮೂಳೆ ಕಟ್ಟಿಸಿದವು. ಅವು ಇಟ್ಟಿಗೆಯಾಗಲಿಲ್ಲ, ಮೇಸ್ತ್ರಿಯಾದವು. ಮೇಸ್ತ್ರಿ ಎಷ್ಟೇ ನುರಿತವನಾದರೂ ಕಟ್ಟಡದ ಗಟ್ಟಿತನ ಆ ಊರಿನ ಕೂಲಿಯಾಳು, ಇಟ್ಟಿಗೆ, ನೀರನ್ನೇ ನೆಚ್ಚಿರುತ್ತದೆ.

ಮನುಷ್ಯರ ಮೇಲಿನ ಪ್ರಯೋಗಗಳೂ ಆ ಉತ್ಸಾಹಕ್ಕೆ ಕಡಿವಾಣ ಹಾಕುತ್ತವೆ. 2009ರಲ್ಲಿ ಇಟಲಿಯ ನೇಪಲ್ಸ್‌ನ ಸಂಶೋಧಕರು ಬುದ್ಧಿಹಲ್ಲು ಕಿತ್ತ ಗುಂಡಿಗೆ ರೋಗಿಯದೇ ತಿರುಳುಕೋಶಗಳನ್ನು ಕೊಲಾಜೆನ್ ಸ್ಪಂಜಿನಲ್ಲಿಟ್ಟು ತುಂಬಿದಾಗ ಮೂರೇ ತಿಂಗಳಲ್ಲಿ ಒಳ್ಳೆಯ ಮೂಳೆ ಕಂಡಿತು. ಮೂರು ವರ್ಷಗಳ ನಂತರ ನೋಡಿದರೆ ಅಲ್ಲಿದ್ದದ್ದು ಆ ಜಾಗಕ್ಕೆ ಸಹಜವಾದ ಜಾಲರಿ ಮೂಳೆಯಲ್ಲ, ಒತ್ತಾದ ಗಟ್ಟಿ ಮೂಳೆ. 2018ರಲ್ಲಿ ಸ್ಪೇನಿನವರು ಪ್ರತಿ ರೋಗಿಯ ಒಂದು ಬದಿಗೆ ಕೋಶ ಇಟ್ಟು, ಇನ್ನೊಂದು ಬದಿಗೆ ಇಡದೆ ಹೋಲಿಸಿದರು. ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವಸಡಿನ ರೋಗದಿಂದ ಸವೆದ ಮೂಳೆಗಾಗಿ ಚೀನಾದಲ್ಲಿ 30 ರೋಗಿಗಳ ಮೇಲೆ ನಡೆಸಿದ 2016ರ ಪ್ರಯೋಗದ್ದೂ ಅದೇ ಫಲ: ಅಪಾಯವಿಲ್ಲ, ಹೆಚ್ಚುವರಿ ಲಾಭವೂ ಸಾಬೀತಾಗಲಿಲ್ಲ. ಅಂದರೆ ಕೋಶಗಳು ಸೋತವೇ? ನನಗೆ ಹಾಗನ್ನಿಸುವುದಿಲ್ಲ. ಹಲ್ಲು ಕಿತ್ತ ಗುಂಡಿ ತನ್ನಷ್ಟಕ್ಕೆ ತಾನೇ ಮೂಳೆ ತುಂಬಿಕೊಳ್ಳುತ್ತದೆ. ತಾನಾಗಿ ಮಾಯುವ ಗಾಯದ ಮೇಲೆ ಔಷಧದ ಶಕ್ತಿ ಅಳೆಯುವುದು ಕಷ್ಟ. ನಿಜವಾದ ಪರೀಕ್ಷೆ ತಾನಾಗಿ ಮಾಯದ ಕಡೆ ಇದೆ, ಉದಾಹರಣೆಗೆ ಸೀಳುತುಟಿಯ ಮಕ್ಕಳ ವಸಡಿನ ಮೂಳೆಯ ಸೀಳು. ಅದಕ್ಕೆ ಈಗ ಸೊಂಟದ ಮೂಳೆಯಿಂದ ತುಣುಕು ತೆಗೆದು ತುಂಬುತ್ತಾರೆ, ಮಗುವಿಗೆ ಎರಡು ಕಡೆ ನೋವು. ಬ್ರೆಜಿಲ್‌ನ ವೈದ್ಯರು ಇಂಥ ಮಕ್ಕಳದೇ ಹಾಲುಹಲ್ಲಿನ ಕೋಶ ಬಳಸಿ ಸೀಳು ತುಂಬಿಸಿದ್ದಾರೆ. ರೋಗಿಗಳು ಬೆರಳೆಣಿಕೆಯಷ್ಟೇ, ಆದರೂ ದಾರಿ ಸರಿಯಾಗಿದೆ.

ಕರ್ನಾಟಕ ಈ ಚರಿತ್ರೆಯ ಹೊರಗಿಲ್ಲ. ಬೆಂಗಳೂರಿನ ಮಣಿಪಾಲ ಪುನರುತ್ಪಾದಕ ವೈದ್ಯಕೀಯ ಸಂಸ್ಥೆ, ನಿಮ್ಹಾನ್ಸ್, ಮಂಗಳೂರು ಬಳಿಯ ದೇರಳಕಟ್ಟೆಯ ನಿಟ್ಟೆ ವಿಶ್ವವಿದ್ಯಾಲಯ, ಇಲ್ಲೆಲ್ಲ ಹಲ್ಲಿನ ಕೋಶಗಳ ಅಧ್ಯಯನ ನಡೆದಿದೆ. ಬೆಂಗಳೂರಿನದೇ ಸ್ಟೆಂಪ್ಯೂಟಿಕ್ಸ್ ಕಂಪನಿ ದಾನಿಗಳ ಅಸ್ಥಿಮಜ್ಜೆಯ ಕೋಶಗಳಿಂದ ಔಷಧ ಮಾಡಿ ಅನುಮತಿಯನ್ನೂ ಪಡೆಯಿತು. ಹಲ್ಲಿನ ಕೋಶ ಆ ಹಂತ ಮುಟ್ಟಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೊಕ್ಕುಳಬಳ್ಳಿಯ ರಕ್ತವೊಂದನ್ನು ಬಿಟ್ಟು ಬೇರೆ ಅಂಗಾಂಶಗಳ ವಾಣಿಜ್ಯ ಸಂಗ್ರಹಕ್ಕೆ ಒಪ್ಪಿಗೆ ಕೊಡಲಿಲ್ಲ. ಮಗುವಿನ ಹಲ್ಲನ್ನು ಹಣ ಕೊಟ್ಟು ಬ್ಯಾಂಕಿನಲ್ಲಿಡಿ ಎನ್ನುವ ಜಾಹೀರಾತಿಗೆ ತಂದೆತಾಯಿ ಮಾರುಹೋಗದಿರಲು ಇದು ಬೇಕಾದ ಕಟ್ಟುನಿಟ್ಟು. ಮೇಲಿನ ಪ್ರಯೋಗಗಳ ಫಲಿತಾಂಶ ಓದಿದ ಯಾರಿಗಾದರೂ ಅದು ಅತಿಯೆನಿಸದು.

ಈಗ ಕಂದು ಹಲ್ಲಿಗೆ ಬರುತ್ತೇನೆ. ಫ್ಲೋರೈಡು ಎನಾಮಲ್ಲನ್ನಷ್ಟೇ ಮುಟ್ಟುವುದಲ್ಲ, ಮೂಳೆ ಕಟ್ಟುವ ಕೋಶಗಳನ್ನೂ ಕೆರಳಿಸುತ್ತದೆ. ಇದನ್ನೇ ನೆಚ್ಚಿ ಒಂದು ಕಾಲದಲ್ಲಿ ಮೂಳೆಸವೆತಕ್ಕೆ ಸೋಡಿಯಂ ಫ್ಲೋರೈಡ್ ಕೊಡುತ್ತಿದ್ದರು. 1990ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಲಾರೆನ್ಸ್ ರಿಗ್ಸ್ ಮತ್ತು ಸಂಗಡಿಗರು ನಾಲ್ಕು ವರ್ಷಗಳ ಪ್ರಯೋಗದ ಫಲ ಪ್ರಕಟಿಸಿದರು. ಬೆನ್ನುಮೂಳೆಯ ಸಾಂದ್ರತೆ ಶೇ 35ರಷ್ಟು ಏರಿತ್ತು, ಆದರೆ ಬೆನ್ನುಮೂಳೆಯ ಮುರಿತ ಗಮನಾರ್ಹವಾಗಿ ತಗ್ಗಲಿಲ್ಲ, ಬೇರೆ ಮೂಳೆಗಳ ಮುರಿತ ಹೆಚ್ಚಿತ್ತು. ಮೂಳೆ ಹೆಚ್ಚಾಗುವುದು ಬೇರೆ, ಒಳ್ಳೆಯ ಮೂಳೆ ಬೇರೆ. ಮೇಸ್ತ್ರಿಕೋಶ ಕರೆಯುವ ಕೂಲಿಕೋಶಗಳೇ ಬಾಲ್ಯದಿಂದ ಫ್ಲೋರೈಡಿನಲ್ಲಿ ನೆನೆದಿದ್ದರೆ ಅದು ಕಟ್ಟಿಸುವ ಮೂಳೆ ಎಂಥದ್ದು? ಈ ಪ್ರಶ್ನೆ ಕೇಳಲು ಈ ನಾಲ್ಕು ತಾಲ್ಲೂಕಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಹಾಲುಹಲ್ಲಿನ ಎನಾಮಲ್ ಬಹುಪಾಲು ಬಸಿರಿನಲ್ಲಿ, ಹುಟ್ಟಿದ ಮೊದಲ ವರ್ಷದಲ್ಲಿ ಬಲಿಯುತ್ತದೆ. ಬುದ್ಧಿಹಲ್ಲಿನದು ಶಾಲೆಗೆ ಹೋಗುವ ವಯಸ್ಸಿನಲ್ಲಿ. ಒಂದೇ ಊರಿನ ಎರಡು ಬಗೆಯ ಹಲ್ಲು ಎರಡು ಕಾಲದ ನೀರಿನ ದಾಖಲೆಯಿದ್ದಂತೆ. ತುಮಕೂರಿನಲ್ಲೇ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜಿದೆ. ಹಲ್ಲು ಇಲ್ಲಿ ಸಂಗ್ರಹಿಸಿ, ಕೋಶಗಳನ್ನು ಬೆಂಗಳೂರಿನಲ್ಲಿ ಬೆಳೆಸುವುದು ದೂರದ ಮಾತಲ್ಲ.

ಮೊದಲು ಒಳ್ಳೆಯ ನೀರು ಕೊಡಿ, ಆಮೇಲೆ ಆಕರಕೋಶ ಎಂಬ ಆಕ್ಷೇಪ ಬಲವಾದದ್ದು, ನಾನದನ್ನು ಪೂರ್ತಿ ಒಪ್ಪುತ್ತೇನೆ. ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರುವ ಯೋಜನೆ, ಹಳ್ಳಿಹಳ್ಳಿಯ ಶುದ್ಧ ನೀರಿನ ಘಟಕ, ಇವು ತಡೆಯುವಷ್ಟು ಹಾನಿಯನ್ನು ಯಾವ ಕೋಶವೂ ಸರಿಪಡಿಸಲಾರದು. ಈ ಸಂಶೋಧನೆಯ ಹೆಸರಿನಲ್ಲಿ ನೀರಿನ ಒಂದು ರೂಪಾಯಿಯೂ ಕಡಿತವಾಗಬಾರದು. ಆದರೆ ನದಿನೀರು ಪ್ರತಿ ನಲ್ಲಿಗೂ ಬಂದರೂ ಇವತ್ತು ಇಪ್ಪತ್ತು, ನಲವತ್ತು ದಾಟಿದವರ ಹಲ್ಲೂ ದವಡೆಯೂ ಹಳೆಯ ನೀರಿನಿಂದಲೇ ಆದವು. ಮುಂದೆ ಅವರಿಗೆ ದವಡೆಯ ಶಸ್ತ್ರಚಿಕಿತ್ಸೆ ಬೇಕಾದಾಗ ಎಲ್ಲೋ ಕಲೆಯಿಲ್ಲದ ಹಲ್ಲಿನ ಮೇಲೆ ನಡೆದ ಪ್ರಯೋಗದ ಲೆಕ್ಕವನ್ನು ಅನ್ವಯಿಸುವುದು ನ್ಯಾಯವಲ್ಲ. ಬಡವರ ಹಲ್ಲನ್ನು ಪ್ರಯೋಗಕ್ಕೆ ಬಳಸಿ ಫಲವನ್ನು ಬೇರೆಯವರು ಉಣ್ಣುತ್ತಾರೆಂಬ ಇನ್ನೊಂದು ಭಯವೂ ಸುಳ್ಳಲ್ಲ. ಹಾಗಾಗಿ ಕೀಳಲೇಬೇಕಾದ ಅಥವಾ ತಾನಾಗಿ ಉದುರಿದ ಹಲ್ಲನ್ನಷ್ಟೇ ತೆಗೆದುಕೊಳ್ಳಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಪಾವಗಡದ ಗಡಿಹಳ್ಳಿಗಳಲ್ಲಿ ತೆಲುಗಿನಲ್ಲೂ ಓದಿ ಹೇಳಬೇಕು. ಹಲ್ಲು ಕೊಟ್ಟ ಮನೆಗೆ ಅವರ ಬಾವಿಯ ನೀರಿನಲ್ಲಿ ಎಷ್ಟು ಫ್ಲೋರೈಡಿದೆ ಎಂಬ ಪರೀಕ್ಷೆಯ ಚೀಟಿ ಅದೇ ವಾರ ತಲುಪಬೇಕು.