ಸಣ್ಣ ವಿಮಾನದ ಡ್ಯಾಶ್‌ಬೋರ್ಡ್ ರಕ್ಷಣೆ: ಶಾಖನಿರೋಧಕ ಸಾಮಗ್ರಿಯ ಆಯ್ಕೆ

ಸೆಸ್ನಾ 172 ಮಾದರಿಯಂತಹ ಸಣ್ಣ ವಿಮಾನವನ್ನು ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದಲ್ಲಿ ಡ್ಯಾಶ್‌ಬೋರ್ಡಿನ ಮೇಲುಹೊದಿಕೆಯು ಕಾಲಕ್ರಮೇಣ ಬಿರುಕು ಬಿಡುತ್ತದೆ. ಹೊಸ ಹೊದಿಕೆಯು ಶಾಖವನ್ನು ತಡೆದುಕೊಂಡರಷ್ಟೇ ಸಾಲದು. ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು:

1. ಎ.ಬಿ.ಎಸ್. ಪ್ಲಾಸ್ಟಿಕ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆದುವಾಗುತ್ತದೆ ಹಾಗೂ ಬೆಂಕಿ ತಗುಲಿದರೆ ಉರಿಯುತ್ತದೆ. ನೋಮೆಕ್ಸ್ ಬಟ್ಟೆಯು ಕರಗುವುದಿಲ್ಲ. ಜ್ವಾಲೆಯನ್ನು ತೆಗೆದೊಡನೆ ಆರುತ್ತದೆ.
2. ಹೊದಿಕೆಯು ಗಾಢವರ್ಣದ್ದಾಗಿದ್ದು ಹೊಳಪಿಲ್ಲದಿರಬೇಕು. ಇಲ್ಲವಾದಲ್ಲಿ ವಿಂಡ್‌ಶೀಲ್ಡ್‌ನಲ್ಲಿ ಪ್ರತಿಫಲಿಸಿ ಪೈಲಟ್‌ನ ನೋಟಕ್ಕೆ ಅಡ್ಡಿಯಾಗುತ್ತದೆ.
3. ದಿಕ್ಸೂಚಿಯ ಸಮೀಪ ಅಯಸ್ಕಾಂತ ಅಥವಾ ಕಬ್ಬಿಣದ ಕೊಂಡಿಗಳನ್ನು ಬಳಸಬಾರದು.

ಭಾರತದಲ್ಲಿ ನೋಂದಣಿಯಾದ ವಿಮಾನಗಳಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು ಅನ್ವಯಿಸುತ್ತವೆ. ಆದ್ದರಿಂದ ಮಾಲೀಕರು ಸಾಮಗ್ರಿ ಖರೀದಿಸುವ ಮುನ್ನ ಪರವಾನಗಿ ಹೊಂದಿದ ವಿಮಾನ ನಿರ್ವಹಣಾ ಇಂಜಿನಿಯರರನ್ನು ಸಂಪರ್ಕಿಸುವುದು ಹಾಗೂ ಮಾರಾಟಗಾರರಿಂದ ದಹನ ಪರೀಕ್ಷೆಯ ಪ್ರಮಾಣಪತ್ರವನ್ನು ಪಡೆದುಕೊಳ್ಳುವುದು.