ಗಡಿನಾಡಿನ ದವಾಖಾನೆಗಳಲ್ಲಿ ಔಷಧ ಕೊಟ್ಟ ಕೈಗಳು

ಮಿರಜ ಎಂದೊಡನೆ ಗಡಿನಾಡಿನ ಕನ್ನಡಿಗರ ಮನಸ್ಸಿಗೆ ಬರುವವು ಎರಡು: ಒಂದು ತಂಬೂರಿ, ಇನ್ನೊಂದು ದವಾಖಾನೆ. ಅಥಣಿ, ಚಿಕ್ಕೋಡಿ, ರಾಯಬಾಗ, ಜಮಖಂಡಿ, ಜತ್ತ ಸೀಮೆಗಳ ಹಳ್ಳಿಗಳಲ್ಲಿ ‘ಮಿರಜಿಗೆ ಒಯ್ದರಂತೆ’ ಎಂಬ ಮಾತಿನಲ್ಲಿ ರೋಗ ಕಠಿಣವಾಗಿದೆ ಎಂಬ ಅಂಜಿಕೆಯೂ, ಇನ್ನೂ ಆಸೆ ಉಳಿದಿದೆ ಎಂಬ ಸಮಾಧಾನವೂ ಕೂಡಿಯೇ ಇರುತ್ತವೆ. ಇಲ್ಲಿಯ ಶಸ್ತ್ರವೈದ್ಯರ ಕೀರ್ತಿಯನ್ನು ಎಲ್ಲರೂ ಬಲ್ಲರು. ಆದರೆ ವೈದ್ಯರು ಬರೆದುದನ್ನು ಅಳೆದು, ಅರೆದು, ಬೆರೆಸಿ ಸೀಸೆಗೆ ತುಂಬಿದ ಕಂಪೌಂಡರರನ್ನೂ, ಅದನ್ನು ವೇಳೆ ತಪ್ಪದೆ ರೋಗಿಯ ಬಾಯಿಗೆ ಮುಟ್ಟಿಸಿದ ದಾದಿಯರನ್ನೂ ನೆನೆದವರು ಕಡಿಮೆ. ಸಂಘದ ಈ ಸ್ಮರಣ ಸಂಚಿಕೆಯಲ್ಲಿ ಅವರ ಕೆಲಸದ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬೇಕೆಂದು ನಾವು ಬಯಸಿದ್ದೇವೆ.

ಕನ್ನಡ ಸೀಮೆಯ ಜನ ಈ ಊರುಗಳಿಗೆ ಬರುವುದು ದವಾಖಾನೆಯಿಂದ ಆರಂಭವಾದುದಲ್ಲ. ಸಾಂಗಲಿ, ಮಿರಜಗಳೆರಡೂ ಪಟವರ್ಧನ ಮನೆತನದ ಸಂಸ್ಥಾನಗಳು. ಶಿರಹಟ್ಟಿ, ತೇರದಾಳಗಳು ಸಾಂಗಲಿಯ ಆಳಿಕೆಯಲ್ಲಿದ್ದವು. ಲಕ್ಷ್ಮೇಶ್ವರ ಮಿರಜದ ಆಳಿಕೆಯಲ್ಲಿತ್ತು. ದರಬಾರಿನ ಕೆಲಸಕ್ಕೆಂದು, ವ್ಯಾಪಾರಕ್ಕೆಂದು ನಮ್ಮವರು ಬರುತ್ತಲೇ ಇದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರೈಲು ಬಂದು ಮಿರಜ ಜಂಕ್ಷನ್ ಆದ ಮೇಲೆ ಆ ದಾರಿ ಇನ್ನೂ ಸುಲಭವಾಯಿತು.

ಕೆನಡಾದಲ್ಲಿ ಹುಟ್ಟಿದ ವೈದ್ಯ ವಿಲಿಯಂ ಜೇಮ್ಸ್ ವಾನ್ಲೆಸ್ ಅವರು ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಪರವಾಗಿ 1889ರಲ್ಲಿ ಭಾರತಕ್ಕೆ ಬಂದರು. ಮೊದಲು ಸಾಂಗಲಿಯಲ್ಲಿ ಕೆಲಸ ಆರಂಭಿಸಿ, ಬಳಿಕ ಮಿರಜದಲ್ಲಿ ನೆಲೆಸಿದರು. ಅಲ್ಲಿಯ ಆಸ್ಪತ್ರೆ 1894ರಲ್ಲಿ ತೆರೆಯಿತು. 1897ರಲ್ಲಿ ಅವರು ವೈದ್ಯಕೀಯ ಶಾಲೆಯನ್ನೂ ಆರಂಭಿಸಿದರು. ಒಬ್ಬ ವೈದ್ಯನಿಂದ ಆಸ್ಪತ್ರೆ ನಡೆಯದು, ತರಬೇತಾದ ಸಹಾಯಕರು ಬೇಕು ಎಂಬ ಅರಿವು ಆ ಶಾಲೆಯ ಹಿಂದೆ ಕಾಣುತ್ತದೆ. ಸುಮಾರು ನಾಲ್ಕು ದಶಕ ದುಡಿದು, 1928ರಲ್ಲಿ ‘ಸರ್’ ಪದವಿ ಪಡೆದ ವಾನ್ಲೆಸ್ ಅವರು 1933ರಲ್ಲಿ ತೀರಿಕೊಂಡರು. ಸಾಂಗಲಿ ಮಿರಜಗಳ ನಡುವಣ ವಾನ್ಲೆಸ್‌ವಾಡಿ, ಅಲ್ಲಿಯ ಕ್ಷಯರೋಗದ ಆಸ್ಪತ್ರೆ ಇಂದಿಗೂ ಅವರ ಹೆಸರನ್ನು ಹೊತ್ತಿವೆ.

ಆ ಕಾಲದ ಔಷಧವೆಂದರೆ ಇಂದಿನಂತೆ ಹಾಳೆಯಲ್ಲಿ ಅಂಟಿ ಬರುವ ಗುಳಿಗೆಯಲ್ಲ. ದವಾಖಾನೆಗಳಲ್ಲಿ ಕಂಪೌಂಡರನ ಮೇಜಿನ ಮೇಲೆ ಖಲಬತ್ತು, ಚಿಕ್ಕ ತಕ್ಕಡಿ, ಗೆರೆ ಹಾಕಿದ ಗಾಜಿನ ಅಳತೆ ಪಾತ್ರೆಗಳು ಇರುತ್ತಿದ್ದವು. ಅಳತೆಗಳು ಗ್ರೇನ್, ಡ್ರಾಮ್, ಔನ್ಸ್. ಅರವತ್ತು ಗ್ರೇನ್ ಸೇರಿದರೆ ಒಂದು ಡ್ರಾಮ್. ಒಂದು ಗ್ರೇನ್ ಎಂದರೆ ಈಗಿನ ಲೆಕ್ಕದಲ್ಲಿ ಸುಮಾರು 65 ಮಿಲಿಗ್ರಾಂ. ವೈದ್ಯರ ಚೀಟಿಯನ್ನು ಓದಿ, ಲೆಕ್ಕ ಹಾಕಿ, ಕ್ವಿನೈನಿನಂಥ ಕಹಿಮದ್ದನ್ನು ನೀರಿನಲ್ಲಿ ಕರಗಿಸಿ, ಕರಗದ ಪುಡಿಯನ್ನು ಅಂಟಿನ ನೀರಿನಲ್ಲಿ ತೇಲಿಸಿ ‘ಮಿಕ್ಸ್ಚರ್’ ಸಿದ್ಧಪಡಿಸುವುದು ಅವನ ಕೆಲಸ. ಅಂಥ ಸೀಸೆಯನ್ನು ಅಲುಗಾಡಿಸದೆ ಕುಡಿದರೆ ಮೊದಲ ದಿನ ಬರಿಯ ನೀರು, ಕೊನೆಯ ದಿನ ಬರಿಯ ಮದ್ದು! ಆದುದರಿಂದ ‘ಅಲುಗಾಡಿಸಿ ಕುಡಿ’ ಎಂಬ ಮಾತು ಉಪಚಾರದ ಮಾತಾಗಿರಲಿಲ್ಲ. ಅದು ಔಷಧದ ಒಂದು ಭಾಗವೇ ಆಗಿತ್ತು.

ವಾರ್ಡಿನ ರೀತಿ ಹೀಗಿತ್ತು. ವೈದ್ಯರು ರೋಗಿಯ ಕಾಗದದಲ್ಲಿ ಔಷಧ ಬರೆಯುವರು. ದಾದಿ ಅದನ್ನು ಬೇಡಿಕೆಯ ಪುಸ್ತಕಕ್ಕೆ ಇಳಿಸಿಕೊಂಡು ಔಷಧ ಕೋಣೆಗೆ ಕಳುಹಿಸುವಳು. ಕಂಪೌಂಡರನು ಸೀಸೆಗಳನ್ನು ತುಂಬಿ, ಚೀಟಿ ಅಂಟಿಸಿ ವಾರ್ಡಿಗೆ ಮುಟ್ಟಿಸುವನು. ಮೈಗೆ ಮಾತ್ರ ಹಚ್ಚುವ ಘಾತಕ ದ್ರವಗಳಿಗೆ ಬಣ್ಣದ, ಏಣುಗಳುಳ್ಳ ಬೇರೆ ಸೀಸೆಗಳು. ರಾತ್ರಿಯ ಮಂದ ಬೆಳಕಿನಲ್ಲಿ ಕಣ್ಣು ಮೋಸಹೋದರೂ ದಾದಿಯ ಬೆರಳು ಎಚ್ಚರಗೊಳ್ಳಲಿ ಎಂಬ ಏರ್ಪಾಡು ಅದು. ಹೀಗೆ ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರ ಕಣ್ಣು ಕಾಯುತ್ತಿತ್ತು. ಔಷಧವು ಎರಡು ಕೈಗಳನ್ನು ದಾಟಿ ಬರುವುದರಲ್ಲಿಯೇ ರೋಗಿಯ ರಕ್ಷಣೆ ಇತ್ತು.

ಹೊರರೋಗಿಗಳಿಗೆ ಇನ್ನೊಂದು ಉಪಾಯವಿತ್ತು. ಮನೆಯಿಂದ ತಂದ ಸೀಸೆಯಲ್ಲಿ ಔಷಧ ತುಂಬಿದ ಮೇಲೆ, ಕಂಪೌಂಡರನು ಕಾಗದದ ಪಟ್ಟಿಯ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ ಸೀಸೆಯ ಹೊರಗೆ ಅಂಟಿಸುತ್ತಿದ್ದನು. ಒಂದು ಹಲ್ಲಿಗೆ ಒಂದು ಸಲದ ಮದ್ದು. ನಮ್ಮ ತಲೆಮಾರಿನವರೆಲ್ಲ ಆ ಸೀಸೆಗಳನ್ನು ಕಂಡವರೇ. ಅದನ್ನು ಓದಲು ಮರಾಠಿ ಬೇಕಿರಲಿಲ್ಲ, ಕನ್ನಡ ಬೇಕಿರಲಿಲ್ಲ, ಅಕ್ಷರವೇ ಬೇಕಿರಲಿಲ್ಲ. ಗಡಿನಾಡಿನ ನಿರಕ್ಷರಿ ತಾಯಿಯೂ ತನ್ನ ಮಗುವಿಗೆ ಸರಿಯಾದ ಅಳತೆಯಲ್ಲಿ ಔಷಧ ಕುಡಿಸಬಲ್ಲವಳಾಗಿದ್ದಳು.

ಸ್ವಾತಂತ್ರ್ಯದ ಕಾಲಕ್ಕೆ ಈ ಎರಡೂ ವೃತ್ತಿಗಳಿಗೆ ಕಾಯಿದೆಯ ಚೌಕಟ್ಟು ಬಂದಿತು. 1947ರಲ್ಲಿ ಭಾರತೀಯ ದಾದಿಯರ ಪರಿಷತ್ತಿನ ಕಾಯಿದೆ, 1948ರಲ್ಲಿ ಫಾರ್ಮಸಿ ಕಾಯಿದೆ. ವೈದ್ಯರ ಚೀಟಿಯ ಮೇರೆಗೆ ಔಷಧ ಬೆರೆಸಿ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಎಂದು ಎರಡನೆಯ ಕಾಯಿದೆ ಹೇಳಿತು. ಆದರೂ ದವಾಖಾನೆಗಳಲ್ಲಿ ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ಔಷಧ ಬೆರೆಸಿದ ಅನುಭವವುಳ್ಳವರಿಗೆ ಮೊದಲ ನೋಂದಣಿಯಲ್ಲಿ ಸ್ಥಾನವಿತ್ತು. ಹಳೆಯ ಕಂಪೌಂಡರರ ದುಡಿಮೆಗೆ ನಾಡು ಕೊಟ್ಟ ಗೌರವ ಅದೆಂದು ನಾವು ತಿಳಿಯುತ್ತೇವೆ.

ಬಳಿಕ ಅಳತೆಗಳೂ ಬದಲಾದವು. 1956ರ ತೂಕ ಮತ್ತು ಅಳತೆಗಳ ಕಾಯಿದೆ ಮೆಟ್ರಿಕ್ ಪದ್ಧತಿಯನ್ನು ತಂದಿತು. ಗ್ರೇನ್ ಮತ್ತು ಗ್ರಾಂ ಕಿವಿಗೆ ಹತ್ತಿರದ ಮಾತುಗಳು. ಆದರೆ ಒಂದು ಗ್ರಾಮಿನಲ್ಲಿ ಹದಿನೈದಕ್ಕಿಂತ ಹೆಚ್ಚು ಗ್ರೇನ್‌ಗಳಿವೆ. ಒಂದನ್ನು ಇನ್ನೊಂದೆಂದು ತಿಳಿದರೆ ಮದ್ದೇ ವಿಷವಾದೀತು. ಇಂಥ ಸಂಧಿಕಾಲದಲ್ಲಿ ಪ್ರತಿಯೊಂದು ಚೀಟಿಯನ್ನೂ ಎರಡು ಸಲ ಓದಿದ ಕಂಪೌಂಡರ್, ಸಂಶಯ ಬಂದಾಗ ವೈದ್ಯರನ್ನು ಮರಳಿ ಕೇಳಲು ಹಿಂಜರಿಯದ ದಾದಿ ಇವರಿಂದ ಉಳಿದ ಜೀವಗಳ ಲೆಕ್ಕವನ್ನು ಯಾವ ದಫ್ತರದಲ್ಲಿಯೂ ಬರೆದಿಟ್ಟಿಲ್ಲ.

ಕ್ಷಯರೋಗದ ಚಿಕಿತ್ಸೆಯು ಇನ್ನೊಂದು ಪಾಠವನ್ನು ಕಲಿಸಿತು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತ ಮೇಲೆ, ಬಿಸಿಲು, ಗಾಳಿ, ವಿಶ್ರಾಂತಿಗಳನ್ನೇ ನೆಚ್ಚಿದ್ದ ಕ್ಷಯಧಾಮಗಳ ಬಗೆ ಎಲ್ಲೆಡೆ ಬದಲಾಯಿತು. ಸೂಜಿಮದ್ದಿನ ಪುಡಿಯನ್ನು ಶುದ್ಧ ನೀರಿನಲ್ಲಿ ಕರಗಿಸಿ, ತಿಂಗಳುಗಟ್ಟಲೆ ತಪ್ಪದೆ ಕೊಡಬೇಕಾಯಿತು. 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಸಂಶೋಧನೆಯು, ಔಷಧವನ್ನು ಕ್ರಮವಾಗಿ ಸೇವಿಸಿದರೆ ಮನೆಯಲ್ಲಿದ್ದ ರೋಗಿಯೂ ಕ್ಷಯಧಾಮದ ರೋಗಿಯಂತೆಯೇ ಗುಣಹೊಂದುವನೆಂದು ತೋರಿಸಿತು. ಆದರೆ ಮನೆಯಲ್ಲಿ ಮದ್ದನ್ನು ನುಂಗಿಸುವವರು ಯಾರು? 1990ರ ದಶಕದಲ್ಲಿ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮವು, ರೋಗಿಯು ಒಬ್ಬರ ಕಣ್ಣೆದುರಿಗೇ ಗುಳಿಗೆ ನುಂಗಬೇಕೆಂಬ ನಿಯಮ ತಂದಿತು. ಮದ್ದು ಎಷ್ಟು ಪ್ರಬಲವಾದರೂ ಅದನ್ನು ಬಾಯಿಗೆ ಮುಟ್ಟಿಸಲು ಮನುಷ್ಯನೇ ಬೇಕೆಂದು ವಿಜ್ಞಾನವೇ ಒಪ್ಪಿದಂತಾಯಿತು.

ಕಾರ್ಖಾನೆಯ ಗುಳಿಗೆಗಳು ಹೆಚ್ಚಿದಂತೆ ಖಲಬತ್ತು ಮೂಲೆ ಸೇರಿತು; ಕಂಪೌಂಡರನು ಕಿಟಕಿಯ ಹಿಂದೆ ಸರಿದನು. ವಾರ್ಡಿನಲ್ಲಿ ಔಷಧದ ಭಾರವೆಲ್ಲ ದಾದಿಯೊಬ್ಬಳ ಮೇಲೆ ಬಿದ್ದಿತು. ಹಲ್ಲು ಕತ್ತರಿಸಿದ ಕಾಗದದ ಪಟ್ಟಿಯ ಸ್ಥಾನದಲ್ಲಿ ಹೊಳೆಯುವ ಹಾಳೆಯ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರಗಳು ಬಂದವು. ನಾವು ಶಾಲೆಯಲ್ಲಿದ್ದ ವರ್ಷಗಳಲ್ಲಿ, ದವಾಖಾನೆಯಿಂದ ಮರಳಿದವರು ಮಕ್ಕಳ ಕೈಯಲ್ಲಿ ಗುಳಿಗೆಯ ಪೊಟ್ಟಣ ಕೊಟ್ಟು, ‘ಮಾಸ್ತರರ ಕಡೆ ಓದಿಸಿಕೊಂಡು ಬಾ’ ಎಂದು ಕಳುಹಿಸುವುದು ಸಾಮಾನ್ಯವಾಗಿತ್ತು. ಹೆಸರನ್ನು ನಾವು ಓದಬಹುದಾಗಿತ್ತು. ಊಟದ ಮೊದಲೋ, ಆಮೇಲೋ ಎಂಬುದನ್ನು ಪೊಟ್ಟಣ ಹೇಳುತ್ತಿರಲಿಲ್ಲ. ವೈದ್ಯರದು ಮರಾಠಿ, ದಾದಿಯದು ಅನೇಕ ವೇಳೆ ಮಲಯಾಳ, ರೋಗಿಯದು ಕನ್ನಡ. ಮೂವರ ನಡುವೆ ಔಷಧ ಮೂಕವಾಗಿ ಕುಳಿತಿರುತ್ತಿತ್ತು.

ಈಗ ಜಗತ್ತು ಹಳೆಯ ಜೋಡಿಯನ್ನು ಮತ್ತೆ ಕೂಡಿಸುತ್ತಿದೆ. ಇಂಗ್ಲೆಂಡಿನ ಕೆಲವು ಆಸ್ಪತ್ರೆಗಳಲ್ಲಿ ತರಬೇತಾದ ಔಷಧ ಸಹಾಯಕರು ವಾರ್ಡಿಗೇ ಬಂದು, ರೋಗಿ ಮನೆಯಿಂದ ತಂದ ಮದ್ದುಗಳನ್ನು ಪರಿಶೀಲಿಸಿ, ದಾದಿಯ ಜೊತೆ ಔಷಧ ಹಂಚಿಕೆಗೆ ನೆರವಾಗುತ್ತಾರೆ. ನಮ್ಮ ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1990ರ ದಶಕದಲ್ಲಿಯೇ ಫಾರ್ಮಸಿಯ ವಿದ್ಯಾರ್ಥಿಗಳನ್ನು ರೋಗಿಯ ಹಾಸಿಗೆಯ ಬಳಿಗೆ ಕರೆತರುವ ಶಿಕ್ಷಣ ಆರಂಭಿಸಿತು. ಔಷಧದ ತಪ್ಪುಗಳಿಂದಾಗುವ, ತಡೆಯಬಹುದಾದ ಗಂಭೀರ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕರೆ ಕೊಟ್ಟಿತು.

ಮಿರಜದಲ್ಲಿ 1962ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ. ಫಾರ್ಮಸಿ, ದಾದಿ ಶಿಕ್ಷಣಗಳೂ ಸಾಂಗಲಿ ಮಿರಜಗಳಲ್ಲಿ ದೊರೆಯುತ್ತವೆ. ಗಡಿನಾಡಿನ ಕನ್ನಡ ಮನೆಗಳ ಮಕ್ಕಳು ಆ ವಿದ್ಯೆಯನ್ನು ಕಲಿತು ವಾರ್ಡುಗಳಲ್ಲಿ ನಿಂತರೆ, ಮರಾಠಿ ಕನ್ನಡಗಳೆರಡನ್ನೂ ಬಲ್ಲ ಅವರಿಗಿಂತ ಉತ್ತಮ ಸೇತುವೆ ದೊರಕದು. ಸಂಘವೂ ಒಂದು ಕೆಲಸ ಮಾಡಬಹುದು. ‘ಮುಂಜಾನೆ, ಮಧ್ಯಾಹ್ನ, ರಾತ್ರಿ, ಊಟದ ಮೊದಲು, ಊಟದ ನಂತರ’ ಎಂಬಷ್ಟು ಮಾತುಗಳನ್ನು ಸೂರ್ಯ, ಚಂದ್ರ, ತಟ್ಟೆಗಳ ಚಿತ್ರದೊಡನೆ ಕನ್ನಡದಲ್ಲಿ ಅಚ್ಚುಹಾಕಿಸಿ ದವಾಖಾನೆಗಳಿಗೂ ಔಷಧದ ಅಂಗಡಿಗಳಿಗೂ ಒಪ್ಪಿಸುವುದು. ದೊಡ್ಡ ಖರ್ಚಿನ ಕೆಲಸವಲ್ಲ. ಹಳೆಯ ಕಂಪೌಂಡರನು ಕತ್ತರಿ ಮತ್ತು ಕಾಗದದಿಂದ ಮಾಡಿದ್ದನ್ನೇ ನಾವು ಮತ್ತೆ ಮಾಡಿದಂತಾಗುತ್ತದೆ. ಈ ಸಮ್ಮೇಳನದಲ್ಲಿ ಸೇರಿದ ಸದಸ್ಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಂತಿಸುತ್ತೇವೆ.