ಅಪ್ಪನ ವಂಶ, ಅಮ್ಮನ ಬಳಿ

ಥಾಣೆಯಲ್ಲಿ ಯೆಹೂದ್ಯರ ಒಂದು ಪ್ರಾರ್ಥನಾ ಮಂದಿರವಿದೆ. 1879ರಲ್ಲಿ ಕಟ್ಟಿದ್ದು. ಅದರ ಹೆಸರು ‘ಶಾರ್ ಹಶಮಾಯಿಂ’, ಎಂದರೆ ಸ್ವರ್ಗದ ಬಾಗಿಲು. ನಮ್ಮಲ್ಲಿ ಎಷ್ಟೋ ಮಂದಿ ಅದರ ಮುಂದೆಯೇ ಹಾದುಹೋಗಿರಬಹುದು. ಆದರೆ ಆ ಹೆಸರಿನ ಹಿಂದೆ ಒಂದು ಆಸ್ತಿ ಜಗಳದ ಕಥೆ ಇದೆಯೆಂಬುದು ನಮಗೂ ಈಚಿನವರೆಗೆ ಹೊಳೆದಿರಲಿಲ್ಲ.

ಬೈಬಲಿನ ಆದಿಕಾಂಡದಲ್ಲಿ ಯಾಕೋಬನೆಂಬವನು ಅಣ್ಣ ಏಸಾವನ ಹಸಿವಿನ ಹೊತ್ತು ನೋಡಿ, ಒಂದು ಬಟ್ಟಲು ಬೇಳೆಯ ಸಾರಿಗೆ ಅವನ ಜ್ಯೇಷ್ಠತ್ವದ ಹಕ್ಕನ್ನೇ ಕೊಂಡುಕೊಳ್ಳುತ್ತಾನೆ. ಮುಂದೆ ಕುರುಡು ತಂದೆ ಇಸಾಕನ ಆಶೀರ್ವಾದವನ್ನೂ ಅಣ್ಣನ ವೇಷದಲ್ಲಿ ಪಡೆಯುತ್ತಾನೆ. ಅಣ್ಣ ಕೊಲ್ಲಲು ಹೊರಟಾಗ ಊರು ಬಿಟ್ಟು ಓಡುತ್ತಾನೆ. ದಾರಿಯಲ್ಲಿ ಕಲ್ಲನ್ನು ತಲೆದಿಂಬು ಮಾಡಿ ಮಲಗಿದವನಿಗೆ ಆಕಾಶಕ್ಕೆ ಚಾಚಿದ ಏಣಿಯ ಕನಸು ಬೀಳುತ್ತದೆ. ಎಚ್ಚತ್ತು ಆ ಜಾಗವನ್ನು ಅವನು ಕರೆದ ಹೆಸರೇ ಥಾಣೆಯ ಮಂದಿರಕ್ಕೆ ಬಂದಿದೆ. ಪಾಲಿನ ತಕರಾರಿನಿಂದ ಊರು ಬಿಟ್ಟವರು ನಮ್ಮ ಡೊಂಬಿವಲಿ, ಕಲ್ಯಾಣಗಳಲ್ಲೂ ಕಡಿಮೆಯಿಲ್ಲ!

ಇದನ್ನೆಲ್ಲ ಓದುವಂತೆ ಮಾಡಿದ್ದು ಊರಿನಿಂದ ಬಂದ ಒಂದು ಕರೆಯೋಲೆ. ಉಡುಪಿಯ ಕಡೆ ಇರುವ ನಮ್ಮ ಕುಟುಂಬದ ಮನೆಯ ಜೀರ್ಣೋದ್ಧಾರ; ಪ್ರತಿಯೊಬ್ಬ ಸದಸ್ಯನೂ ವಂತಿಗೆ ಕೊಡಬೇಕು ಎಂದಿತ್ತು. ಒಂಬತ್ತನೆಯ ತರಗತಿಯ ನಮ್ಮ ಮಗಳು ಅದನ್ನು ಓದಿ, “ಇದರಲ್ಲಿ ನನ್ನ ಹೆಸರೆಲ್ಲಿ?” ಎಂದಳು. ನಾವು ತಡವರಿಸಿದೆವು. ಏಕೆಂದರೆ ನಮ್ಮದು ಅಳಿಯಸಂತಾನದ ಮನೆತನ. ಅಲ್ಲಿ ಮಕ್ಕಳು ತಾಯಿಯ ಬಳಿಗೆ ಸೇರುತ್ತಾರೆ. ನಮ್ಮ ಶ್ರೀಮತಿ ಧಾರವಾಡದ ಕಡೆಯವರು. ಅವರಲ್ಲಿ ಮಕ್ಕಳು ತಂದೆಯ ವಂಶಕ್ಕೆ. ತಂದೆಯ ಕಡೆ ಕೇಳಿದರೆ ತಾಯಿಯ ಕಡೆ ನೋಡು, ತಾಯಿಯ ಕಡೆ ಕೇಳಿದರೆ ತಂದೆಯ ಕಡೆ ನೋಡು! ನಗರದಲ್ಲಿ ಹುಟ್ಟಿದ ಮಗು ಎರಡು ಬಾಗಿಲುಗಳ ನಡುವಿನ ಅಂಗಳದಲ್ಲೇ ನಿಂತಿತು.

ಅಳಿಯಕಟ್ಟಿನ ಮೂಲವನ್ನು ತುಳುನಾಡಿನವರು ಹೇಳುವ ಐತಿಹ್ಯ ಹೀಗಿದೆ. ದೇವಪಾಂಡ್ಯನೆಂಬವನು ಹಡಗು ಕಟ್ಟಿಸಿದ. ಕುಂಡೋದರನೆಂಬ ಭೂತರಾಜ ಅಡ್ಡ ನಿಂತು ನರಬಲಿ ಕೇಳಿದ. ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸಿದಳು. ಕುಂಡೋದರ ಮೆಚ್ಚಿ ಹುಡುಗನನ್ನು ಉಳಿಸಿದ. ಅವನೇ ಭೂತಾಳಪಾಂಡ್ಯನಾಗಿ, ಆಸ್ತಿ ಇನ್ನು ಮುಂದೆ ಮಗನಿಗಲ್ಲ, ಸೋದರಳಿಯನಿಗೆ ಎಂದು ಕಟ್ಟು ಮಾಡಿದ. ಇದು ಇತಿಹಾಸವಲ್ಲ, ಐತಿಹ್ಯವೇ ಸರಿ. ಆದರೂ ಅಬ್ರಹಾಮನು ಮಗ ಇಸಾಕನನ್ನು ಬಲಿಪೀಠಕ್ಕೇರಿಸಿ, ಕೊನೆಯ ಗಳಿಗೆಯಲ್ಲಿ ದೇವರು ತಡೆದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಎರಡು ಕಡೆಯೂ ಬಲಿಗೆ ನಿಂತು ಉಳಿದ ಹುಡುಗನಿಂದಲೇ ವಂಶ ಮುಂದುವರಿಯಿತು. ಅಲ್ಲಿ ಒಪ್ಪಿಸಿದವನು ತಂದೆ. ಇಲ್ಲಿ ಒಪ್ಪಿಸಿದವಳು ತಾಯಿ. ವಂಶವೂ ಅದರಂತೆಯೇ ಹರಿಯಿತು.

ಹಾಗೆಂದು ಹೀಬ್ರೂ ಪಿತೃಗಳ ವಂಶದಲ್ಲಿ ತಾಯಿಗೆ ಬೆಲೆಯಿರಲಿಲ್ಲವೆ? ಅಬ್ರಹಾಮನ ಹಿರಿಯ ಮಗ ಇಷ್ಮಾಯೇಲ. ಆದರೆ ಅವನು ದಾಸಿ ಹಾಗರಳ ಮಗ. ಬಾಧ್ಯತೆ ಹೋದದ್ದು ಸಾರಾಳ ಮಗ ಇಸಾಕನಿಗೆ. ಯಾಕೋಬನಿಗೆ ತಂದೆಯ ಆಶೀರ್ವಾದ ದೊರಕಿಸಿದ ಉಪಾಯ ತಾಯಿ ರೆಬೆಕ್ಕಳದು. ಲೆಕ್ಕ ಇಡುವುದು ತಂದೆಯ ಹೆಸರಿನಲ್ಲಿ, ತೀರ್ಮಾನ ಆಗುವುದು ತಾಯಿಯಿಂದ. ನಮ್ಮ ಅಳಿಯಕಟ್ಟಿನಲ್ಲಿ ಇದರ ತಿರುವುಮುರುವು: ಲೆಕ್ಕ ತಾಯಿಯದು, ಆದರೆ ಕೀಲಿಕೈ ಬಹಳ ಮನೆಗಳಲ್ಲಿ ಸೋದರಮಾವನ ಸೊಂಟದಲ್ಲಿ. ಕಟ್ಟಿನ ಪ್ರಕಾರ ಹಿರಿಯ ಹೆಂಗಸೂ ಯಜಮಾನಿಕೆ ಮಾಡಬಹುದಿತ್ತು ಎಂಬುದನ್ನು ಮರೆಯಬಾರದು.

ಯಾಕೋಬನ ಸಂತತಿಯಲ್ಲಿ ಮುಂದೆ ಇನ್ನೊಂದು ಪ್ರಸಂಗ ಬರುತ್ತದೆ. ಚಲ್ಪಹಾದನೆಂಬವನು ಗಂಡುಮಕ್ಕಳಿಲ್ಲದೆ ಸತ್ತಾಗ ಅವನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು, ತಂದೆಯ ಭೂಮಿ ತಮಗೇಕೆ ಬರಬಾರದು ಎಂದು ಕೇಳಿದರು. ತೀರ್ಪು ಅವರ ಪರವಾಯಿತು. ಭೂಮಿ ಕುಲದಿಂದ ಹೊರಗೆ ಹೋಗದಂತೆ ತಮ್ಮ ಕುಲದಲ್ಲೇ ಮದುವೆಯಾಗಬೇಕೆಂಬ ಷರತ್ತು ಆಮೇಲೆ ಸೇರಿತು. ಕೇಳಿದ್ದರಿಂದ ಸಿಕ್ಕಿತು, ಸಿಕ್ಕಿದ್ದಕ್ಕೆ ಬೇಲಿಯೂ ಬಿತ್ತು.

ನಮ್ಮಲ್ಲಿಯೂ ಹಾಗೆಯೇ. ಧಾರವಾಡದ ಕಡೆಯವರ ಪಾಲಿನ ನ್ಯಾಯಕ್ಕೆ ಆಧಾರವಾದ ‘ಮಿತಾಕ್ಷರಾ’ ಹುಟ್ಟಿದ್ದು ಕಲ್ಯಾಣದಲ್ಲಿ. ನಾವು ದಿನವೂ ಲೋಕಲ್ ಹಿಡಿಯುವ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಬರೆದ ಆ ವ್ಯಾಖ್ಯಾನದಂತೆ ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು. ಮಗಳಿಗೂ ಅದೇ ಹಕ್ಕನ್ನು ಕರ್ನಾಟಕ, ಮಹಾರಾಷ್ಟ್ರಗಳು 1994ರಲ್ಲಿ ಕೆಲವು ಮಿತಿಗಳೊಂದಿಗೆ ಕೊಟ್ಟವು; ಇಡೀ ದೇಶಕ್ಕೆ ಅದು 2005ರ ಸೆಪ್ಟೆಂಬರ್ 9ರಿಂದ ಬಂತು. ತಂದೆ ಆ ದಿನ ಬದುಕಿರಲಿ ಇಲ್ಲದಿರಲಿ ಹಕ್ಕು ಉಂಟೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು.

ಅಳಿಯಸಂತಾನದವರ ಬೇಲಿ ಬೇರೆ. ಅಲ್ಲಿ ಗಂಡಸು ದುಡಿದ ಸ್ವಂತ ಆಸ್ತಿಯೂ, ಉಯಿಲಿಲ್ಲದಿದ್ದರೆ, ಹೆಂಡತಿ ಮಕ್ಕಳಿಗಲ್ಲ, ತಾಯಿಯ ಕುಟುಂಬಕ್ಕೆ ಹೋಗುತ್ತಿತ್ತು. ಮುಂಬಯಿಯ ಹೋಟೆಲುಗಳಲ್ಲಿ ಬೆವರು ಸುರಿಸಿದವರ ಮಕ್ಕಳಿಗೆ ಇದರ ಅರ್ಥವೇನೆಂದು ಯೋಚಿಸಬಹುದು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತದಲ್ಲಿದ್ದುದರಿಂದ 1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಸತ್ತವನ ಅಂಶವನ್ನು ಅವನ ಹೆಂಡತಿ, ಮಕ್ಕಳು, ತಾಯಿಯ ಕಡೆಗೆ ತಿರುಗಿಸಿತು. ನಮ್ಮ ಕಚೇರಿಯಲ್ಲಿ ಹಳೆಯ ನೌಕರರ ಭವಿಷ್ಯನಿಧಿಯ ನಾಮನಿರ್ದೇಶನ ಪತ್ರಗಳನ್ನು ನೋಡುವಾಗ ಗಮನಿಸಿದ್ದೇವೆ: ‘ಕುಟುಂಬ’ ಎಂಬುದರ ವ್ಯಾಖ್ಯೆಯಲ್ಲಿ ಸೋದರಳಿಯನಿಗೆ ಜಾಗವೇ ಇಲ್ಲ.

ಆಸ್ತಿ ಹೀಗೆ ಮಕ್ಕಳ ಕಡೆಗೆ ತಿರುಗಿತು. ಬಳಿ ಮಾತ್ರ ತಾಯಿಯ ಕಡೆಯೇ ಉಳಿಯಿತು. ಯೆಹೂದ್ಯರಲ್ಲೂ ಕುಲ ತಂದೆಯಿಂದ ಬಂದರೂ, ಯೆಹೂದ್ಯನೆಂಬ ಗುರುತು ತಾಯಿಯಿಂದ. ಇದರ ಬಿಸಿ ಥಾಣೆ, ಕೊಲಾಬಾ ಜಿಲ್ಲೆಗಳ ಬೆನೆ ಇಸ್ರೇಲರಿಗೆ ತಟ್ಟಿತು. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ತೆಗೆಯುತ್ತ, ಶನಿವಾರ ಕೆಲಸ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ ಎನಿಸಿಕೊಂಡ ಜನ ಅವರು. ಪೇಣದವರು ಪೇಣಕರ, ಕಿಹೀಮದವರು ಕೆಹಿಮಕರ. ಇಸ್ರೇಲಿಗೆ ಹೋದ ಇವರ ಮದುವೆಗೆ ಮುಂಚೆ ತಾಯಿ, ಅಜ್ಜಿಯರ ಮೂಲವನ್ನು ವಿಚಾರಿಸಬೇಕೆಂದು ಅಲ್ಲಿನ ಧರ್ಮಗುರುಗಳ ಮಂಡಳಿ 1962ರಲ್ಲಿ ಸೂಚನೆ ಕೊಟ್ಟಿತು. ಅಜ್ಜಿಯ ಅಜ್ಜಿಯ ದಾಖಲೆ ಯಾರ ಬಳಿ ಇರುತ್ತದೆ? ಅವರು ಪ್ರತಿಭಟಿಸಿದರು, 1964ರಲ್ಲಿ ಆ ಸೂಚನೆಯಿಂದ ಅವರ ಹೆಸರು ಬಿಟ್ಟುಹೋಯಿತು.

ಇದನ್ನೋದಿದ ರಾತ್ರಿ ನಾವೂ ಶ್ರೀಮತಿಯವರೂ ಒಂದು ನೋಟುಪುಸ್ತಕ ಹಿಡಿದು ಕುಳಿತೆವು. ಊರಿಗೆ ಎರಡು ಫೋನೂ ಮಾಡಿದೆವು. ನಮ್ಮ ಕಡೆ ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಐದು ತಲೆಮಾರಿನ ಹೆಂಗಸರ ಹೆಸರು ಸಿಕ್ಕಿತು. ಅವರ ಗಂಡಂದಿರಲ್ಲಿ ಇಬ್ಬರ ಹೆಸರು ಯಾರಿಗೂ ನೆನಪಿಲ್ಲ. ಶ್ರೀಮತಿಯ ಕಡೆ ಆರು ತಲೆಮಾರಿನ ಗಂಡಸರು ಸಾಲಾಗಿ ಬಂದರು. ಅಜ್ಜಿಯಿಂದಾಚೆ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಎರಡು ಮನೆತನಗಳೂ ಆಸ್ತಿ ಹೋದ ದಾರಿಯನ್ನಷ್ಟೇ ನೆನಪಿಟ್ಟುಕೊಂಡಿದ್ದವು.

ವಂತಿಗೆಯನ್ನು ಕಳುಹಿಸಿದ್ದೇವೆ. ಜೊತೆಯ ಪತ್ರದಲ್ಲಿ, ಪಾಲಿಗಾಗಿ ಅಲ್ಲ, ಮುಂದಿನ ತಂಬಿಲದ ದಿನ ಮಗಳೂ ಕುಟುಂಬದವಳಾಗಿಯೇ ಪ್ರಸಾದಕ್ಕೆ ಕೈಯೊಡ್ಡಬಹುದೇ ಎಂದು ಕೇಳಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ವಾಚಕರಲ್ಲಿ ನಮ್ಮದೊಂದು ವಿನಂತಿ: ಹಿರಿಯರು ಬದುಕಿರುವಾಗಲೇ ಎರಡೂ ಕಡೆಯ ಹೆಸರುಗಳನ್ನು, ಗಂಡಸರದನ್ನೂ ಹೆಂಗಸರದನ್ನೂ, ಬರೆದಿಡಿ. ನಮ್ಮ ನೋಟುಪುಸ್ತಕದ ಎರಡು ಪಟ್ಟಿಗಳ ಕೊನೆಗೂ ಮಗಳು ತಾನೇ ತನ್ನ ಹೆಸರನ್ನು ಬರೆದುಕೊಂಡಿದ್ದಾಳೆ. ನಾವು ಅಳಿಸಲು ಹೋಗಿಲ್ಲ.